ಯಾವ ಊರಲ್ಲಿ ಎಷ್ಟು ಹೊತ್ತು



ನವೆಂಬರ್ ಮುಗಿಯುತ್ತ ಬಂತೆಂದರೆ ನಮ್ಮ ಮೈಸೂರಿನ ದೊಡ್ಡಕೆರೆ ಮೈದಾನದ ಸುತ್ತ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುವುದು ಶುರುವಾಗುತ್ತದೆ. ಗದಗ, ಬಾಗಲಕೋಟೆ, ಯಾದಗಿರಿ, ಬಳ್ಳಾರಿ ಎಂದು ಮುಂದೆ ಕಟ್ಟಿದ ಬ್ಯಾನರುಗಳಲ್ಲಿ ಬರೆದಿರುತ್ತದೆ. ರಾತ್ರಿಯೆಲ್ಲ ಕೂತಲ್ಲೇ ನಿದ್ದೆ ಮಾಡಿದ ಮಕ್ಕಳು ಇಳಿದು ಮುಖ ತೊಳೆಯುತ್ತಿರುತ್ತಾರೆ. ಬಸ್ಸಿನ ಮಗ್ಗುಲಲ್ಲೇ ಒಲೆ ಹಚ್ಚಿ ಉಪ್ಪಿಟ್ಟು ಮಾಡುತ್ತಿರುತ್ತಾರೆ. ಮೇಷ್ಟರ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ. ಚಾಮುಂಡಿ ಬೆಟ್ಟ, ನಂದಿ, ಅರಮನೆ, ಮೃಗಾಲಯ, ಫಿಲೋಮಿನಾ ಚರ್ಚು, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ, ಇಷ್ಟೂ ಆ ಒಂದು ದಿನಕ್ಕೆ. ರಾತ್ರಿ ಮತ್ತೆ ಬಸ್ಸು. ಬೆಳಗಾದರೆ ಇನ್ನೊಂದು ಊರು.

ಇಂಥ ಚೀಟಿ ಶಾಲೆಗಳದ್ದು ಮಾತ್ರವಲ್ಲ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವ ಸಂಸಾರದ ಫೋನಿನಲ್ಲೂ, ಹುಬ್ಬಳ್ಳಿಯಿಂದ ಟೆಂಪೊ ಟ್ರಾವೆಲರ್ ಹಿಡಿದು ಬರುವ ಗೆಳೆಯರ ಗುಂಪಿನಲ್ಲೂ ಇರುತ್ತದೆ. ಯಾವ ಯಾವ ಜಾಗ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಯಾವ ಜಾಗದಲ್ಲಿ ಎಷ್ಟು ಹೊತ್ತು ಎಂದು ಬರೆದುಕೊಳ್ಳುವವರು ಕಡಿಮೆ. ಪ್ರವಾಸ ಸುಖವಾಗಿತ್ತೋ ಸುಸ್ತಾಯಿತೋ ಎಂಬುದು ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯಲ್ಲೇ ತೀರ್ಮಾನವಾಗುತ್ತದೆ ಎಂದು ನಾನು ನಂಬಿದ್ದೇನೆ. ಪ್ರವಾಸಿಗರು ಬಂದು ಹೋಗುವ ಊರಿನಲ್ಲೇ ಬಾಳುತ್ತಿರುವವನಾದ್ದರಿಂದ ಇದನ್ನು ಹೇಳಲೇಬೇಕು ಅನ್ನಿಸಿದೆ.

ಮೊದಲು ಆ ಚೀಟಿಯ ಲೆಕ್ಕವನ್ನೇ ಹಾಕೋಣ. ಅರಮನೆಯ ಬಾಗಿಲು ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದೂವರೆಗೆ ಮುಚ್ಚುತ್ತದೆ. ಗಾಡಿ ನಿಲ್ಲಿಸಬೇಕು, ಟಿಕೆಟ್ಟಿಗೆ ನಿಲ್ಲಬೇಕು, ಚಪ್ಪಲಿ ಬಿಡಬೇಕು. ಕಲ್ಯಾಣ ಮಂಟಪ, ದರ್ಬಾರು ಎಲ್ಲ ದಾಟಿ ಮತ್ತೆ ಚಪ್ಪಲಿ ಹಾಕಿಕೊಂಡು ಗೇಟಿಗೆ ಬರುವಷ್ಟರಲ್ಲಿ ಎರಡು ಗಂಟೆ ಆಗಿರುತ್ತದೆ. ಮೃಗಾಲಯ ಶುರುವಾದದ್ದು ೧೮೯೨ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಒಳಗಿನ ನಡಿಗೆಯ ದಾರಿ ಮೂರು ಕಿಲೋಮೀಟರಿಗೂ ಹೆಚ್ಚು. ಮಗು ಜಿರಾಫೆಯ ಮುಂದೆ ನಿಂತು ಅದರ ಕತ್ತು ನೋಡುವುದು ಬೇಡವೆ? ಮೂರು ಗಂಟೆ ಬೇಕು. ಬೆಟ್ಟಕ್ಕೆ ಹೋಗಿ, ಸರದಿಯಲ್ಲಿ ನಿಂತು, ದರ್ಶನ ಮಾಡಿ, ಇಳಿಯುವಾಗ ನಂದಿಯ ಹತ್ತಿರ ನಿಂತು ಬರಲು ಎರಡು ಗಂಟೆ. ಶ್ರೀರಂಗಪಟ್ಟಣದಲ್ಲಿ ರಂಗನಾಥ, ದರಿಯಾ ದೌಲತ್, ಗುಂಬಜ್, ಸಂಗಮ ಎಂದರೆ ಮೂರು. ಕನ್ನಂಬಾಡಿಯ ಬೃಂದಾವನಕ್ಕೆ ಎರಡು. ಇಷ್ಟಕ್ಕೇ ಹನ್ನೆರಡು ಗಂಟೆ. ನಡುವಿನ ದಾರಿ, ಊಟ, ಕಾಫಿ, ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸುವ ಹೊತ್ತು ಇದರಲ್ಲಿ ಸೇರಿಲ್ಲ.

ಇದು ಒಂದು ದಿನದಲ್ಲಿ ಹಿಡಿಯಬೇಕಾದರೆ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿ ಬೀಳುವುದು ಯಾವಾಗಲೂ ಕೊನೆಯ ಜಾಗಗಳಿಗೆ. ದರಿಯಾ ದೌಲತ್ ೧೭೮೪ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯರಮನೆ. ಅದರ ಗೋಡೆಯ ಮೇಲೆ ೧೭೮೦ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಸಾಲು ಸಾಲು ಕುದುರೆ, ಆನೆ, ಫಿರಂಗಿ. ಸುತ್ತ ಕಾವಲು ನಿಂತ ಇಂಗ್ಲಿಷ್ ಸೈನಿಕರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಅವರ ನಾಯಕ ಕರ್ನಲ್ ಬೇಲಿ. ಚರಿತ್ರೆಯ ಪಾಠದಲ್ಲಿ ಒಂದು ಸಾಲಾಗಿ ಬರುವ ಯುದ್ಧ ಅಲ್ಲಿ ಗೋಡೆಯ ತುಂಬ ನಡೆಯುತ್ತಿದೆ. ಮಕ್ಕಳು ಅದರ ಮುಂದೆ ಸಾಲಾಗಿ ನಡೆದು ಹಿಂದಿನ ಬಾಗಿಲಿನಿಂದ ಹೊರಗೆ ಬರುತ್ತಾರೆ. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ನೂರಾರು ಮೈಲಿ ದೂರದಿಂದ, ತಂದೆ ತಾಯಿ ಹೊಂದಿಸಿ ಕೊಟ್ಟ ದುಡ್ಡಿನಲ್ಲಿ ಬಂದ ಮಕ್ಕಳು. ಇದು ನನ್ನನ್ನು ನೋಯಿಸುತ್ತದೆ.

ಭಾನುವಾರದ ಸಂಜೆಯದು ಇನ್ನೊಂದು ಪೇಚು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಅರಮನೆಯ ದೀಪ ಹತ್ತುತ್ತದೆ. ಒಂದು ಗಂಟೆಯ ಒಳಗೆ ಆರುತ್ತದೆ. ಬೃಂದಾವನದ ಸಂಗೀತ ಕಾರಂಜಿಯೂ ಕತ್ತಲಾದ ಮೇಲೆಯೇ. ಎರಡರ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು ದಾರಿ, ಭಾನುವಾರದ ಸಂಜೆಯ ವಾಹನಗಳು ಬೇರೆ. ಎರಡನ್ನೂ ನೋಡುತ್ತೇವೆಂದು ಹೊರಟವರು ಕಾರಂಜಿಯ ಅರ್ಧದಲ್ಲೇ ಎದ್ದು ಓಡಿ ಬಂದು, ದೀಪ ಆರುವ ಹೊತ್ತಿಗೆ ಎಲ್.ಐ.ಸಿ. ವೃತ್ತದ ಸಿಗ್ನಲ್ಲಿನಲ್ಲಿ ನಿಂತಿರುತ್ತಾರೆ. ಒಂದನ್ನು ಬಿಡಬೇಕು. ಬಿಟ್ಟರೆ ಇನ್ನೊಂದು ಪೂರ್ತಿ ಸಿಗುತ್ತದೆ. ಯಾವುದನ್ನು ಬಿಡುವುದು ಎಂದು ನನ್ನನ್ನು ಕೇಳಿದರೆ ಭಾನುವಾರ ಕಾರಂಜಿಯನ್ನು ಬಿಡಿ ಎನ್ನುತ್ತೇನೆ. ಅದು ವಾರದ ಬೇರೆ ದಿನಗಳಲ್ಲೂ ಇದೆ. ದೀಪ ಹತ್ತುವುದಕ್ಕೆ ಅರ್ಧ ಗಂಟೆ ಮುಂಚೆಯೇ ಅರಮನೆಯ ಆವರಣದ ಒಳಗೆ ನಿಂತಿರಿ.

ಜನ ಯಾಕೆ ಹೀಗೆ ತುರುಕುತ್ತಾರೆ? ಆಸೆಬುರುಕತನ ಅಂತ ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ಕಾರಣ ಬಾಡಿಗೆ ಗಾಡಿಯ ಲೆಕ್ಕ. ಹೊರ ಊರಿಗೆ ಗಾಡಿ ಗೊತ್ತು ಮಾಡಿದರೆ ದಿನಕ್ಕೆ ಕನಿಷ್ಠ ೨೫೦ ಅಥವಾ ೩೦೦ ಕಿಲೋಮೀಟರಿನ ದುಡ್ಡು ಕೊಡಲೇಬೇಕು, ಓಡಿಸಿದರೂ ಸರಿ ನಿಲ್ಲಿಸಿದರೂ ಸರಿ. ಮೇಲೆ ಡ್ರೈವರ್ ಬಾಟಾ. ಹೇಗೂ ದುಡ್ಡು ಕೊಟ್ಟಾಗಿದೆ, ಇನ್ನೊಂದು ಜಾಗ ಸೇರಿಸೋಣ ಎಂದು ಮನೆಯ ಯಜಮಾನರಿಗೆ ಅನ್ನಿಸುವುದು ಸಹಜ. ಇನ್ನೊಂದು ಕಾರಣ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಎಲ್ಲರೂ ಕೂಡಿ ಹೊರಡುವುದು ವರ್ಷಕ್ಕೊಮ್ಮೆ, ಕೆಲವರಿಗೆ ಅದೂ ಇಲ್ಲ. ಮತ್ತೆ ಯಾವಾಗ ಬರುತ್ತೇವೋ ಎಂಬ ಆತಂಕದಲ್ಲಿ ಪಟ್ಟಿ ಉದ್ದವಾಗುತ್ತದೆ. ಆ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಆತಂಕ ಆ ಒಂದು ಅವಕಾಶವನ್ನೂ ಕಿತ್ತುಕೊಳ್ಳುತ್ತದೆ ಎಂಬುದನ್ನು ಹೇಳದೆ ಇರಲಾರೆ.

ಒಂದು ಜಾಗದಲ್ಲಿ ಎಷ್ಟು ಕಾಲ ಇರಬೇಕು ಎಂಬುದನ್ನು ನಮ್ಮ ಹಿರಿಯರು ಬಹಳ ಗಂಭೀರವಾಗಿ ಯೋಚಿಸಿದ್ದರು. ಮಹಾವೀರರು ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಮಾತ್ರ ತಂಗುತ್ತಿದ್ದರೆಂದು ಜೈನ ಆಗಮಗಳು ಹೇಳುತ್ತವೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೇ ಕಡೆ ನೆಲೆ. ನೆಲದ ಮೇಲೆ ಹುಳುಹುಪ್ಪಟೆ ಹೆಚ್ಚಾಗಿರುವ ಕಾಲದಲ್ಲಿ ನಡೆದಾಡಿ ಅವನ್ನು ತುಳಿಯಬಾರದು ಎಂಬುದು ಅದರ ಹಿಂದಿನ ಕರುಣೆ. ಶ್ರವಣಬೆಳಗೊಳದ ಕಡೆಗೆ ಬರಿಗಾಲಿನಲ್ಲಿ ವಿಹಾರ ಹೊರಟ ಮುನಿಗಳನ್ನು ರಸ್ತೆಯ ಅಂಚಿನಲ್ಲಿ ಈಗಲೂ ಕಾಣುತ್ತೇವೆ. ಮಠಗಳ ಯತಿಗಳ ಚಾತುರ್ಮಾಸ್ಯವೂ ಮೈಸೂರಿನವರಿಗೆ ಹೊಸದಲ್ಲ. ಹಳ್ಳಿಗೆ ಒಂದು, ಪಟ್ಟಣಕ್ಕೆ ಐದು, ಮಳೆಗಾಲಕ್ಕೆ ನಾಲ್ಕು ತಿಂಗಳು ಎಂಬ ಈ ಅಳತೆಯಲ್ಲಿ ಊರಿನ ಗಾತ್ರ, ಋತು, ಹೊರಟ ಉದ್ದೇಶ ಮೂರೂ ಸೇರಿವೆ. ದಾರಿಯ ಉದ್ದ ಎಲ್ಲೂ ಬಂದಿಲ್ಲ.

ಉದ್ದೇಶಕ್ಕೆ ತಕ್ಕಂತೆ ತಂಗಿದ ಇನ್ನೊಬ್ಬ ಪ್ರವಾಸಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, ೧೮೦೦ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ. ಬರೆದದ್ದು ಮೂರು ಸಂಪುಟವಾಗಿ ೧೮೦೭ರಲ್ಲಿ ಅಚ್ಚಾಯಿತು. ಹಾದಿಯ ಸಣ್ಣ ಊರುಗಳನ್ನು ದಿನಕ್ಕೊಂದರಂತೆ ದಾಟುತ್ತಾನೆ. ನೇಕಾರರು, ಕಬ್ಬಿಣ ಕರಗಿಸುವವರು, ನಾಲೆ ನೀರಿನ ಗದ್ದೆಯವರು ಸಿಕ್ಕ ಕಡೆ ಕೂತುಬಿಡುತ್ತಾನೆ. ಶ್ರೀರಂಗಪಟ್ಟಣದಲ್ಲಿ ಹಲವು ದಿನ ನಿಂತ. ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರ, ಅವನನ್ನು ಕಳಿಸಿದವರ ಕಣ್ಣು ನಮ್ಮ ನೆಲದ ಹುಟ್ಟುವಳಿಯ ಮೇಲಿತ್ತು ಎಂಬುದನ್ನು ಮರೆಯಬೇಕಿಲ್ಲ. ಹಾಗಿದ್ದೂ, ತನಗೆ ಏನು ಬೇಕೆಂದು ತಿಳಿದು ಹೊರಟವನ ದಾರಿಯಲ್ಲಿ ಯಾವ ಊರು ಒಂದು ರಾತ್ರಿಯದು, ಯಾವುದು ಒಂದು ವಾರದ್ದು ಎಂಬುದು ತಾನಾಗಿ ಬೇರೆಯಾಗುತ್ತದೆ.

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ನನ್ನ ತಂಗಿಯ ಮಗ ಫೋನು ಮಾಡಿದ್ದ. "ಮಾವ, ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ವಾಪಸ್. ಮೈಸೂರು, ಊಟಿ ಎರಡೂ ಆಗುತ್ತಲ್ವಾ?" ಅಂದ. ಆಗುತ್ತೋ ಇಲ್ಲವೋ ಹೇಳುವ ಮೊದಲು, ಯಾರಿಗೆ ಏನು ನೋಡುವ ಆಸೆ ಎಂದು ಒಬ್ಬೊಬ್ಬರನ್ನೂ ಕೇಳಿ ಬಾರಪ್ಪ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದ. ಅವನ ಅಮ್ಮನಿಗೆ ನಂಜನಗೂಡಿನಲ್ಲಿ ಹರಕೆ ಇತ್ತು. ಮಕ್ಕಳಿಗೆ ಮೃಗಾಲಯ. ಸೊಸೆಗೆ ಒಂದು ಬೆಳಿಗ್ಗೆಯಾದರೂ ಅವಸರವಿಲ್ಲದೆ ಏಳಬೇಕು. ಊಟಿಯನ್ನು ಕೇಳಿದವರು ಯಾರೂ ಇರಲಿಲ್ಲ. ಎಲ್ಲರೂ ಹೋಗುತ್ತಾರೆಂದು ಪಟ್ಟಿಗೆ ಬಂದಿತ್ತು ಅಷ್ಟೆ. ಊಟಿ ಬಿಟ್ಟುಹೋಯಿತು, ಎರಡು ದಿನ ತಾನಾಗಿ ಹೊಂದಿಕೊಂಡಿತು. ಹೊರಡುವ ಮುನ್ನ ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ಜಾಗ ಆರಿಸಿಕೊಳ್ಳಲು ಹೇಳುವುದು ಒಳ್ಳೆಯ ಪದ್ಧತಿ. ಯಾರೂ ಆರಿಸದ ಜಾಗಕ್ಕೆ ಹೊತ್ತು ಕೊಡಬೇಕಾಗಿಲ್ಲ.

ಆರಿಸಿಕೊಂಡ ಮೇಲೆ ಆ ಜಾಗ ಯಾವ ಹೊತ್ತಿನದು ಎಂದು ವಿಚಾರಿಸಿಕೊಳ್ಳಬೇಕು. ಈ ಸೀಮೆಯಲ್ಲಿ ಪ್ರತಿಯೊಂದು ಜಾಗಕ್ಕೂ ತನ್ನದೇ ಹೊತ್ತಿದೆ, ನಮ್ಮ ಅನುಕೂಲಕ್ಕೆ ಅದು ಬಗ್ಗುವುದಿಲ್ಲ. ರಂಗನಾಥನ ಗುಡಿ, ಚಾಮುಂಡಿಯ ಗುಡಿ, ನಂಜುಂಡೇಶ್ವರನ ಗುಡಿ ಮಧ್ಯಾಹ್ನ ಬಾಗಿಲು ಹಾಕುತ್ತವೆ. ಆಗ ಹೋದವರು ಗಂಟೆಗಟ್ಟಲೆ ಕಾಯುತ್ತಾರೆ, ಆಮೇಲೆ ದರ್ಶನಕ್ಕೆ ಕ್ಷಣ ನಿಂತು ಓಡುತ್ತಾರೆ. ಆಷಾಢ ಶುಕ್ರವಾರ ಬೆಟ್ಟಕ್ಕೆ ನಮ್ಮ ಗಾಡಿಯನ್ನೇ ಬಿಡುವುದಿಲ್ಲ. ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ ಬಸ್ಸು ಹತ್ತಬೇಕು. ಅವತ್ತು ಬೆಟ್ಟಕ್ಕೆ ಅರ್ಧ ದಿನವೆಂದೇ ತಿಳಿಯಿರಿ. ರಂಗನತಿಟ್ಟು ಬೆಳಗಿನದು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳಲ್ಲಿ ಹಕ್ಕಿಗಳ ಓಡಾಟ ಬಿಸಿಲೇರುವ ಮುಂಚೆ ಮತ್ತು ಸಂಜೆ. ಮಟಮಟ ಮಧ್ಯಾಹ್ನ ದೋಣಿ ಹತ್ತಿದರೆ ರೆಕ್ಕೆ ಮುಚ್ಚಿ ಕೂತ ಹಕ್ಕಿಗಳು, ಬಂಡೆಯ ಮೇಲೆ ಮಲಗಿದ ಮೊಸಳೆ ಕಾಣುತ್ತವೆ. ದುಬಾರೆಯಲ್ಲಿ ಆನೆಗಳ ಸ್ನಾನವೂ ಬೆಳಿಗ್ಗೆಯೇ. ತಲಕಾಡಿನ ಮರಳಿನಲ್ಲಿ ಹತ್ತು ಗಂಟೆಯ ನಂತರ ಬರಿಗಾಲು ಇಡುವುದು ಕಷ್ಟ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ ಎಂದು ಗುಡಿಯಿಂದ ಗುಡಿಗೆ ನಡೆಯಬೇಕಾದ್ದರಿಂದ ಅಲ್ಲಿ ಬಿಸಿಲೇ ಹೊತ್ತನ್ನು ನಿಗದಿ ಮಾಡುತ್ತದೆ.

ಹೊತ್ತಿನಂತೆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಜುಲೈಯಿಂದ ಸೆಪ್ಟೆಂಬರಿನವರೆಗೆ ಅರ್ಧ ದಿನ ಕೊಟ್ಟರೂ ಸಾಲದು. ಏಪ್ರಿಲಿನಲ್ಲಿ ಬಂಡೆಗಳೇ ಹೆಚ್ಚು, ಕಾಲು ಗಂಟೆ ಸಾಕು. ೧೯೦೨ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು ಎಂದು ಓದಿ ಬಂದ ಹುಡುಗರಿಗೆ ಆ ನೀರಿನ ಬಲವನ್ನು ಮಳೆಗಾಲದಲ್ಲೇ ತೋರಿಸಬೇಕು. ಒಂದೇ ಜಾಗಕ್ಕೆ ವರ್ಷವಿಡೀ ಅನ್ವಯಿಸುವ ಒಂದೇ ಅಳತೆ ಇಲ್ಲ.

ಈಗ ಸೋಮನಾಥಪುರ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಇಷ್ಟು ಹತ್ತಿರವಿದ್ದು ಇಷ್ಟು ಬೇಗ ನೋಡಿಬಿಡುವ ಜಾಗ ಇನ್ನೊಂದಿಲ್ಲ. ಮೈಸೂರಿನಿಂದ ಬನ್ನೂರಿನ ಮೇಲೆ ಸುಮಾರು ೩೫ ಕಿಲೋಮೀಟರು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ, ಪ್ರತಿಷ್ಠೆಯಾದದ್ದು ೧೨೫೮ರಲ್ಲಿ. ಬೇಲೂರು ಹಳೇಬೀಡುಗಳ ಜೊತೆಗೆ ೨೦೨೩ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಲಕಾಡು, ಶಿವನಸಮುದ್ರಕ್ಕೆ ಹೋಗುವವರು ದಾರಿಯಲ್ಲೇ ಇದೆಯಲ್ಲ ಎಂದು ಅರ್ಧ ಗಂಟೆ ಇಳಿಯುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಸುತ್ತು ಆಗುತ್ತದೆ. ಮೂರು ಗೋಪುರ, ಬಹಳ ಕೆತ್ತನೆ ಎಂಬ ನೆನಪು ಉಳಿಯುತ್ತದೆ.

ಎರಡು ಗಂಟೆ ಇಟ್ಟುಕೊಂಡರೆ ಬೇರೆಯೇ ದೇವಸ್ಥಾನ ಸಿಗುತ್ತದೆ. ನಕ್ಷತ್ರದ ಮೂಲೆಗಳಿರುವ ಜಗತಿಯ ಮೇಲೆ ಬಲಕ್ಕೆ ಸುತ್ತುತ್ತ ಹೋದರೆ ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕತೆಯ ಸಾಲು. ದಕ್ಷಿಣದ ಗರ್ಭಗುಡಿಯ ಗೋಡೆಯಲ್ಲಿ ರಾಮಾಯಣ, ಹಿಂದಿನ ಗೋಡೆಯಲ್ಲಿ ಭಾಗವತದ ಕೃಷ್ಣ, ಉತ್ತರದ ಕಡೆ ಮಹಾಭಾರತ. ಪ್ರದಕ್ಷಿಣೆಯ ಒಂದೊಂದು ಹೆಜ್ಜೆಗೂ ಕತೆ ಮುಂದಕ್ಕೆ ಸರಿಯುತ್ತದೆ. ನಿಂತು ನಿಂತು ನಡೆಯುವವರಿಗಾಗಿ, ಮಗುವಿಗೆ ಬೆರಳು ತೋರಿಸಿ ಕತೆ ಹೇಳುವ ಅಜ್ಜಿಗಾಗಿ ಕಟ್ಟಿದ ಗೋಡೆ ಅದು. ಬೇಗ ನಡೆದರೆ ರಾಮ ಕಾಡಿಗೆ ಹೋದದ್ದೂ ತಿಳಿಯುವುದಿಲ್ಲ, ಊರಿಗೆ ಬಂದದ್ದೂ ತಿಳಿಯುವುದಿಲ್ಲ. ಒಳಗೆ ಚಾವಣಿಯಲ್ಲಿ ಕೆತ್ತಿದ ಹದಿನಾರು ಭುವನೇಶ್ವರಿಗಳಿವೆ, ಒಂದರಂತೆ ಒಂದಿಲ್ಲ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಆಮೇಲೆ ತಲೆಯೆತ್ತಿದರೆ ಬಾಳೆಯ ಹೂವು ಒಂದರಲ್ಲಿ ಮೊಗ್ಗಾಗಿ, ಇನ್ನೊಂದರಲ್ಲಿ ಅರಳುತ್ತ ಕಾಣುತ್ತದೆ. ಒಳಗೆ ಹೋಗಿ ಕೂಡಲೇ ಹೊರಬಂದವರಿಗೆ ಅದು ಕತ್ತಲಿನ ಮಂಟಪ ಮಾತ್ರ.

ಮತ್ತೆ ಹೊರಗೆ ಬನ್ನಿ. ಮೂರ್ತಿಗಳ ಪೀಠದ ಮೇಲೆ ಕನ್ನಡದಲ್ಲಿ ಶಿಲ್ಪಿಗಳ ಹೆಸರುಗಳಿವೆ. ಹೆಚ್ಚು ಕಡೆ ಕಾಣುವುದು ಮಲ್ಲಿತಮ್ಮನ ಹೆಸರು. ಏಳೂವರೆ ನೂರು ವರ್ಷದ ಹಿಂದೆ ಉಳಿ ಹಿಡಿದವನೊಬ್ಬ ತನ್ನ ಹೆಸರನ್ನು ನಮ್ಮ ಭಾಷೆಯಲ್ಲಿ ಕಲ್ಲಿನ ಮೇಲೆ ಬಿಟ್ಟು ಹೋಗಿದ್ದಾನೆ, ನಾವು ಅದನ್ನು ಓದದೆ ಎಳನೀರು ಕುಡಿದು ಗಾಡಿ ಹತ್ತುತ್ತೇವೆ. ಶಾಲೆಯ ಮೇಷ್ಟರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಚೀಟಿಯಲ್ಲಿ ಮೂರು ಜಾಗ ಹೊಡೆದುಹಾಕಿ ಇಲ್ಲಿಗೆ ಒಂದು ಪೂರ್ವಾಹ್ನ ಕೊಡಿ. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಗೋಡೆಯನ್ನು ಮುಟ್ಟದೆ ಮಲ್ಲಿತಮ್ಮನ ಹೆಸರು ಹುಡುಕಲು ಹೇಳಿ. ಹಳಗನ್ನಡ ಲಿಪಿಯಲ್ಲಿ ಮೊದಲು ಏನೂ ಹೊಳೆಯುವುದಿಲ್ಲ. ಒಂದು 'ಮ'ಕಾರ ಹೊಳೆದ ಮೇಲೆ ಆ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ಬೆಳಕಿನ ಲೆಕ್ಕವೂ ಒಂದಿದೆ. ಗುಡಿ ಪೂರ್ವಾಭಿಮುಖ. ಹಿಂದಿನ ಗೋಡೆಯ ಕೃಷ್ಣನ ಕತೆಗಳ ಮೇಲೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಓಲಿರುವುದರಿಂದ ರಾಮಾಯಣದ ಗೋಡೆಗೆ ದಿನದ ಬಹುಭಾಗ ಬೆಳಕಿರುತ್ತದೆ. ಓರೆ ಬಿಸಿಲಿನಲ್ಲಿ ಬಳಪದ ಕಲ್ಲಿನ ಒಂದೊಂದು ಗೆರೆಯೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ, ನಡು ಮಧ್ಯಾಹ್ನ ಚಪ್ಪಟೆಯಾಗುತ್ತದೆ. ಊಟ ಮುಗಿಸಿ ಮೂರಕ್ಕೆ ಬಂದು ಮುಚ್ಚುವವರೆಗೂ ಇರುವುದು ಇನ್ನೊಂದು ಒಳ್ಳೆಯ ಕ್ರಮ.

ಎಲ್ಲ ಕಡೆಯೂ ಹೀಗೆ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕೆಲವು ಜಾಗಗಳು ನಿಜವಾಗಿ ಇಪ್ಪತ್ತು ನಿಮಿಷದವು, ಅದರಲ್ಲಿ ಅವಮಾನವೇನೂ ಇಲ್ಲ. ಗುಂಡ್ಲುಪೇಟೆಯ ಕಡೆ ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಂಡಾಗ ಇಳಿದು, ಹೊಲದವರನ್ನು ಕೇಳಿ, ಬದುವಿನ ಮೇಲೆ ನಿಂತು ಕಣ್ತುಂಬ ನೋಡಿ ಹೊರಟರೆ ಆಯಿತು. ಒಂದು ಕಡೆಯಂತೂ ನಿಲ್ಲುವ ಹೊತ್ತು ಸೊನ್ನೆಯೇ ಆಗಿರಬೇಕು. ಅದು ಬಂಡೀಪುರದ ಕಾಡಿನೊಳಗಿನ ರಸ್ತೆ. ಆನೆ ಕಂಡಿತು, ಜಿಂಕೆ ಕಂಡಿತು ಎಂದು ಗಾಡಿ ನಿಲ್ಲಿಸಿ ಇಳಿಯುವುದು ಕಾನೂನಿನ ಪ್ರಕಾರ ತಪ್ಪು, ಜೀವಕ್ಕೂ ಅಪಾಯ. ಕಾಡಿನ ಪ್ರಾಣಿಗೆ ನಾವು ತಿನ್ನಲು ಕೊಡುವ ಒಂದು ಬಾಳೆಹಣ್ಣು ಅದನ್ನು ರಸ್ತೆಗೆ ಅಭ್ಯಾಸ ಮಾಡಿಸುತ್ತದೆ, ಮುಂದೊಂದು ದಿನ ಯಾವುದೋ ಲಾರಿಗೆ ಸಿಕ್ಕಿಸುತ್ತದೆ. ೨೦೦೯ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಷೇಧವಿದೆ. ನಾಗರಹೊಳೆಯ ಮೂಲಕ ಮಾನಂದವಾಡಿಗೆ ಹೋಗುವ ದಾರಿ ಸಂಜೆ ಆರಕ್ಕೇ ಮುಚ್ಚುತ್ತದೆ.

ರಾತ್ರಿ ಮುಚ್ಚುವ ಬಂಡೀಪುರದ ಗೇಟು ನಮಗೆ ಲೆಕ್ಕವನ್ನು ಹಿಂದಿನಿಂದ ಮಾಡುವುದನ್ನು ಕಲಿಸುತ್ತದೆ. ಊಟಿಯಿಂದ ಮರಳುವವರು ರಾತ್ರಿ ಒಂಬತ್ತರ ಒಳಗೆ ಕಾಡು ದಾಟಿರಬೇಕು. ಗೂಡಲೂರಿನ ಮೇಲೆ ಘಾಟಿ ಇಳಿಯಲು ಎಷ್ಟು, ಮುದುಮಲೆ ಬಂಡೀಪುರ ದಾಟಲು ಎಷ್ಟು, ನಡುವೆ ಮಗುವಿಗೆ ವಾಂತಿಯಾದರೆ ನಿಲ್ಲಲು ಎಷ್ಟು ಎಂದು ಹಿಂದಕ್ಕೆ ಎಣಿಸಿಕೊಂಡು ಬಂದರೆ ಊಟಿಯನ್ನು ನಾಲ್ಕಕ್ಕೆ ಬಿಡಬೇಕೆಂದು ತಿಳಿಯುತ್ತದೆ. ಆಗ ಊಟಿಯಲ್ಲಿ ಎಷ್ಟು ಹೊತ್ತು ಎಂಬ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ನಾಲ್ಕಕ್ಕೆ ಇನ್ನೂ ಬೊಟಾನಿಕಲ್ ಗಾರ್ಡನ್ನಿನಲ್ಲಿ ಇರಬೇಕೆನ್ನುವವರು ಅಲ್ಲೇ ರಾತ್ರಿ ತಂಗಬೇಕು. ಕತ್ತಲಿನ ಘಾಟಿಯಲ್ಲಿ ಗೇಟು ಮುಚ್ಚುವ ಆತಂಕಕ್ಕೆ ಡ್ರೈವರನ್ನು ಅವಸರಪಡಿಸುವುದು ಮಾತ್ರ ಯಾರೂ ಮಾಡಬಾರದು. ಆತನೂ ಬೆಳಗಿನ ಜಾವ ಎದ್ದವನು. ನಾವು ಜಾಗ ನೋಡುತ್ತಿರುವಾಗ ಆತ ಪಾರ್ಕಿಂಗಿನ ಬಿಸಿಲಿನಲ್ಲಿ ಕಾಯುತ್ತಿರುತ್ತಾನೆ. ಊಟವಾದ ಮೇಲೆ ಆತ ಒಂದು ಗಂಟೆ ಕಣ್ಣು ಮುಚ್ಚಲಿ ಎಂದು ಒಂದು ಕಡೆ ಹೆಚ್ಚು ಹೊತ್ತು ನಿಲ್ಲುವುದನ್ನು ನಿಮ್ಮ ಚೀಟಿಯಲ್ಲಿ ಮೊದಲೇ ಬರೆದಿಡಿ.

ಜೊತೆಯಲ್ಲಿರುವವರಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಮಂಡಿ ನೋವಿನ ಅಜ್ಜಿ, ಮಧ್ಯಾಹ್ನ ಮಲಗಲೇಬೇಕಾದ ಮೂರು ವರ್ಷದ ಮಗು, ಸಕ್ಕರೆ ಕಾಯಿಲೆಯ ಚಿಕ್ಕಪ್ಪ, ಇವರ ಮೇಲೆ ಹೊತ್ತನ್ನು ಲೆಕ್ಕ ಹಾಕಿ. ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಎಲ್ಲಿದೆ ಎಂಬುದು ದಾರಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಎಷ್ಟೋ ಸಲ ತೀರ್ಮಾನಿಸುತ್ತದೆ. ಗಂಡಸರು ಪಟ್ಟಿ ಬರೆಯುವ ಮನೆಗಳಲ್ಲಿ ಇದು ಬಿಟ್ಟುಹೋಗುತ್ತದೆ. ನೀರು ಕುಡಿಯದೆ ದಿನವಿಡೀ ಕೂತ ಹೆಂಗಸರು ಬೇಕಾದಷ್ಟಿದ್ದಾರೆ. ಎರಡು ಗಂಟೆಗೊಮ್ಮೆ, ನಂಬಿಕೆಯಿರುವ ಒಂದು ಹೋಟೆಲಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲುವುದು ಹಾಳು ಮಾಡಿದ ಹೊತ್ತಲ್ಲ.

ಹಿಂದೆ ಬೆಂಗಳೂರು ರಸ್ತೆಯಲ್ಲಿ ಈ ನಿಲುಗಡೆಗಳನ್ನು ಯಾರೂ ಯೋಜಿಸಬೇಕಾಗಿರಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಬೊಂಬೆ, ಮದ್ದೂರಿನಲ್ಲಿ ವಡೆ; ರಸ್ತೆ ಊರೊಳಗೇ ಹಾಯುತ್ತಿತ್ತು, ಊರು ನಮ್ಮನ್ನು ನಿಲ್ಲಿಸುತ್ತಿತ್ತು. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಹೊತ್ತು ಉಳಿದಿದೆ. ಆಂಬುಲೆನ್ಸಿಗೆ, ವಿಮಾನ ಹಿಡಿಯುವವರಿಗೆ ದೊಡ್ಡ ಉಪಕಾರವಾಗಿದೆ. ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳಿಗೆ, ಹೋಟೆಲುಗಳಿಗೆ ಪೆಟ್ಟು ಬಿದ್ದದ್ದೂ ಅಷ್ಟೇ ನಿಜ. ಈಗ ಆ ಊರುಗಳಲ್ಲಿ ನಿಲ್ಲಬೇಕಾದರೆ ಮನಸ್ಸು ಮಾಡಿ ಹೆದ್ದಾರಿ ಬಿಟ್ಟು ಸರ್ವೀಸ್ ರಸ್ತೆಗೆ ಇಳಿಯಬೇಕು. ಇಳಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಹೆದ್ದಾರಿ ಉಳಿಸಿಕೊಟ್ಟ ಒಂದು ಗಂಟೆಯಲ್ಲಿ ಅರ್ಧವನ್ನು ಚನ್ನಪಟ್ಟಣಕ್ಕೆ ಕೊಟ್ಟು, ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕುವುದನ್ನು ಮಕ್ಕಳಿಗೆ ತೋರಿಸಿ.

ಇನ್ನು ರಾತ್ರಿಗಳ ವಿಷಯ. ಒಂದು ಊರಿನಲ್ಲಿ ಒಂದೇ ರಾತ್ರಿ ತಂಗಿದರೆ ಸಿಗುವುದು ದಣಿದ ಒಂದು ಸಂಜೆ, ಗಂಟು ಕಟ್ಟುವ ಒಂದು ಬೆಳಿಗ್ಗೆ. ಎರಡು ರಾತ್ರಿ ತಂಗಿದರೆ ನಡುವೆ ಒಂದು ಇಡೀ ದಿನ ಸಿಗುತ್ತದೆ. ಲಾಡ್ಜು ಬದಲಾಯಿಸಿದಾಗೆಲ್ಲ ಬಟ್ಟೆ ತುಂಬಿ, ಸಾಮಾನು ಎಣಿಸಿ, ಹೊಸ ಊರಿನಲ್ಲಿ ಕೋಣೆ ಸಿಗುವವರೆಗೆ ಕಾದು, ಎರಡು ಗಂಟೆಯಾದರೂ ಹೋಗುತ್ತದೆ. ಕೋಣೆ ಹಿಡಿಯುವಾಗ ಇಪ್ಪತ್ನಾಲ್ಕು ಗಂಟೆಯ ಲೆಕ್ಕವೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ ಎಂದು ಕೇಳಿಕೊಳ್ಳಿ. ರಾತ್ರಿ ಹತ್ತಕ್ಕೆ ಬಂದವರಿಗೆ ಆ ವ್ಯತ್ಯಾಸದಲ್ಲಿ ಅರ್ಧ ದಿನವೇ ಅಡಗಿದೆ. ಮೈಸೂರಿಗೆ ಒಂದು ಅನುಕೂಲವಿದೆ. ಶ್ರೀರಂಗಪಟ್ಟಣ, ರಂಗನತಿಟ್ಟು, ಕನ್ನಂಬಾಡಿ, ನಂಜನಗೂಡು, ಸೋಮನಾಥಪುರ ಎಲ್ಲವೂ ೪೦ ಕಿಲೋಮೀಟರಿನ ಒಳಗಿವೆ, ತಲಕಾಡು, ಮೇಲುಕೋಟೆಗೂ ೫೦ರ ಆಸುಪಾಸು. ಇಲ್ಲಿ ಮೂರು ರಾತ್ರಿ ಬಿಡಾರ ಹೂಡಿ, ದಿನಕ್ಕೊಂದು ದಿಕ್ಕಿಗೆ ಹೋಗಿ ಬರುವುದು ಮೂರು ಊರುಗಳಲ್ಲಿ ಒಂದೊಂದು ರಾತ್ರಿ ಮಲಗುವುದಕ್ಕಿಂತ ಎಷ್ಟೋ ಮೇಲು.

ತಂಗಿದವರಿಗೆ ಮಾತ್ರ ಸಿಗುವ ಮೈಸೂರು ಒಂದಿದೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರ ಸಾಲು, ನೀರಿನ ಮೇಲೆ ಇನ್ನೂ ಮಂಜು. ದೇವರಾಜ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಅಳೆದು ಕೊಡುವ ಮಲ್ಲಿಗೆ. ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆಯ ಮೈಲಾರಿ ದೋಸೆಗೆ ಕಾಯುವ ಜನ. ಬಿಸಿಲೇರುವ ಮುಂಚೆ ಬೆಟ್ಟದ ಸಾವಿರ ಮೆಟ್ಟಿಲು, ದಾರಿಯಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ, ಅಲ್ಲಿಂದ ಕೆಳಗೆ ಇಡೀ ಊರು. ಇವು ಯಾವುದಕ್ಕೂ ದುಡ್ಡು ಹೆಚ್ಚು ಬೇಡ, ಒಂದು ರಾತ್ರಿ ಇಲ್ಲಿ ಮಲಗಿರಬೇಕು ಅಷ್ಟೆ. ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಹೊರಡುವ ಗಾಡಿಗೆ ಇವುಗಳಲ್ಲಿ ಬಹಳಷ್ಟು ಸಿಗುವುದೇ ಇಲ್ಲ.

ಬೆಂಗಳೂರಿನ ಒಂದು ಸಂಸಾರ ಈ ವಾರದ ಕೊನೆಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ಆರಕ್ಕೆ ಬಿಟ್ಟು, ಚನ್ನಪಟ್ಟಣದಲ್ಲಿ ಇಳಿದು ತಿಂಡಿ ಮುಗಿಸಿ, ಹತ್ತರ ಒಳಗೆ ಶ್ರೀರಂಗಪಟ್ಟಣ ಸೇರಿ; ಮೊದಲು ರಂಗನಾಥ, ಆಮೇಲೆ ದರಿಯಾ ದೌಲತ್, ಅಲ್ಲಿ ಗೋಡೆಯ ಮುಂದೆ ಅವಸರ ಬೇಡ. ಮಧ್ಯಾಹ್ನ ಮೈಸೂರಿಗೆ ಬಂದು ಊಟ ಮಾಡಿ, ಹಿರಿಯರೂ ಮಕ್ಕಳೂ ಎರಡು ಗಂಟೆ ಮಲಗಲಿ. ಸಂಜೆ ಮಾರುಕಟ್ಟೆ. ಭಾನುವಾರ ಬೆಳಿಗ್ಗೆ ಮೃಗಾಲಯ ತೆರೆಯುವ ಹೊತ್ತಿಗೆ ಒಳಗಿರಿ, ಮಧ್ಯಾಹ್ನ ಸೋಮನಾಥಪುರ, ಅಲ್ಲಿಂದ ಮರಳಿ ದೀಪ ಹತ್ತುವ ಮುನ್ನ ಅರಮನೆ. ಅರಮನೆಯ ಒಳಭಾಗ, ಬೆಟ್ಟ, ಬೃಂದಾವನ ಈ ಸಲಕ್ಕಿಲ್ಲ. ಭಾನುವಾರ ರಾತ್ರಿಯೇ ಹೊರಟರೆ ಊರಿಗೆ ಮರಳುವವರೆಲ್ಲ ಅದೇ ರಸ್ತೆಯಲ್ಲಿರುತ್ತಾರೆ, ಕೆಂಗೇರಿಯ ಹತ್ತಿರ ಗಾಡಿಗಳು ತೆವಳುತ್ತವೆ, ಓಡಿಸುವವರ ಕಣ್ಣು ಎಳೆಯುತ್ತಿರುತ್ತದೆ. ಆಗುವುದಾದರೆ ಆ ರಾತ್ರಿಯೂ ಇಲ್ಲೇ ಮಲಗಿ, ಸೋಮವಾರ ಬೆಳಗಿನ ಜಾವ ಐದಕ್ಕೆ ಹೊರಡಿ. ಎಂಟರ ಒಳಗೆ ಮನೆ ಸೇರಬಹುದು, ಕಚೇರಿಗೂ ಹೊತ್ತಾಗುವುದಿಲ್ಲ.